ಬೇಸ್ ಗಿಟಾರಿನ ಬಣ್ಣ ಮತ್ತು ಲೋಹದ ಮೆರುಗು: ದುಬೈ, ಅಬುಧಾಬಿಯ ಸಂದರ್ಭ

ವಿದ್ಯುತ್ ಬೇಸ್ ಗಿಟಾರ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಮೈಬಣ್ಣದ ಮೇಲೆ. ಬ್ರಿಜ್, ಟ್ಯೂನರ್, ನಾಬ್, ಸ್ಟ್ರ್ಯಾಪ್ ಗುಂಡಿ, ತಿರುಪುಗಳಿಗೆ ಎಂಥ ಗಿಲೀಟು ಎಂಬ ಯೋಚನೆ ಬರುವುದು ಆಮೇಲೆ. ಎಷ್ಟೋ ಸಲ ಬರುವುದೇ ಇಲ್ಲ, ಕಂಪನಿ ಹಾಕಿಕೊಟ್ಟದ್ದೇ ಕೊನೆ. ಯುಎಇಯ ಕರಾವಳಿ ನಗರಗಳಲ್ಲಿ ವಾದ್ಯ ಇಟ್ಟುಕೊಳ್ಳುವವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಲೇಸು. ಅಲ್ಲಿ ಬಣ್ಣ ಮಾಸಲು ಹಲವು ವರ್ಷ ಬೇಕು. ಲೋಹದ ಮೇಲೆ ಒಂದೆರಡು ಬೇಸಿಗೆಯಲ್ಲೇ ಕಲೆ ಕಾಣಿಸಬಹುದು. ಬಣ್ಣವನ್ನು ಕಣ್ಣು ಆರಿಸಲಿ, ಲೋಹವನ್ನು ಮಾತ್ರ ನುಡಿಸುವವರ ಬೆವರು ಮತ್ತು ಊರಿನ ಹವೆಯನ್ನು ನೋಡಿ ಆರಿಸಬೇಕು.

ಬೇಸ್ ಗಿಟಾರಿನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ತಂತಿ ದಪ್ಪ, ಎಳೆತ ಹೆಚ್ಚು; ಹಾಗಾಗಿ ಟ್ಯೂನರ್, ಬ್ರಿಜ್‌ಗಳೂ ದೊಡ್ಡವು. ತಂತಿಯ ನಾದವನ್ನು ಮೊಟಕುಗೊಳಿಸಲು ಬಲಗೈಯ ಅಂಗೈಯನ್ನು ಬ್ರಿಜ್ ಮೇಲೆ ಊರುವ ವಾದಕರಿಗೆ ಲೋಹ ಮತ್ತು ಬೆವರಿನ ಸಹವಾಸ ಗಂಟೆಗಟ್ಟಲೆ ನಡೆಯುತ್ತದೆ.

ಕಾರಿನಿಂದ ಬಂದ ಬಣ್ಣಗಳು

ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ಗೆ ಇದ್ದದ್ದು ಒಂದೇ ವೇಷ: ಆ್ಯಶ್ ಮರದ ಎಳೆಗಳು ಕಾಣುವಂಥ ತಿಳಿ ಕೆನೆಬಣ್ಣ, ಕಪ್ಪು ಪಿಕ್‌ಗಾರ್ಡ್, ಮೇಪಲ್ ಕತ್ತು. ಅಂಚಿನಲ್ಲಿ ಗಾಢವಾಗಿದ್ದು ನಡುವಿಗೆ ಬರುತ್ತಾ ಹಳದಿಯಾಗುವ ಸನ್‌ಬರ್ಸ್ಟ್ 1954ರಲ್ಲಿ ಸೇರಿತು. 1958ರಲ್ಲಿ ಅದಕ್ಕೆ ಕೆಂಪಿನ ಪಟ್ಟಿಯೂ ಕೂಡಿ ಮೂರು ಬಣ್ಣವಾಯಿತು. 1957ರ ಹೊಸ ಮಾದರಿಗೆ ಹಾಕಿದ ಚಿನ್ನದ ಬಣ್ಣದ ಅನೋಡೈಸ್ಡ್ ಅಲ್ಯುಮಿನಿಯಂ ಪಿಕ್‌ಗಾರ್ಡ್ ಅಂದಕ್ಕಷ್ಟೇ ಅಲ್ಲ, ವಿದ್ಯುತ್ ಗುಂಯ್‌ಗುಟ್ಟುವಿಕೆಯನ್ನು ತಡೆಯುವ ಕವಚವಾಗಿಯೂ ಕೆಲಸ ಮಾಡುತ್ತಿತ್ತು. ಎರಡೇ ವರ್ಷದಲ್ಲಿ ಅದರ ಜಾಗಕ್ಕೆ ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ ಬಂತು. ಸನ್‌ಬರ್ಸ್ಟ್ ಮೈ, ಆಮೆಚಿಪ್ಪಿನ ಪಿಕ್‌ಗಾರ್ಡ್, ಗಾಢ ಕಂದು ಫ್ರೆಟ್‌ಬೋರ್ಡ್ ಎಂಬ ಜೋಡಣೆ ಇಂದಿಗೂ ಬೇಸ್ ಗಿಟಾರಿನ ಮೊದಲ ಚಿತ್ರವಾಗಿ ಉಳಿದಿದೆ. ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳ ಬೆನ್ನೆಲುಬಾಗಿದ್ದ ಜೇಮ್ಸ್ ಜೇಮರ್ಸನ್ ನುಡಿಸಿದ 1962ರ ಪ್ರಿಸಿಷನ್ ಬೇಸ್ ಇದೇ ವೇಷದ್ದು.

ಕೇಳಿ ಹಾಕಿಸಿಕೊಳ್ಳುವ ಬಣ್ಣಗಳ ಕಥೆ ಇದಕ್ಕಿಂತ ಸ್ವಾರಸ್ಯಕರ. 1950ರ ದಶಕದ ನಡುವಿನಿಂದ ಫೆಂಡರ್ ಕಂಪನಿ ಶೇ 5ರಷ್ಟು ಹೆಚ್ಚು ಬೆಲೆಗೆ ಡ್ಯೂಪಾಂಟ್‌ನ ಕಾರು ಬಣ್ಣಗಳನ್ನು ಗಿಟಾರಿಗೆ ಹಾಕಿಕೊಡುತ್ತಿತ್ತು. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್‌ನದು. ಸರ್ಫ್ ಗ್ರೀನ್ 1957ರ ಷೆವರ್ಲೆಯದು. ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕ್ ಬ್ರೌಮ್‌ನದು. ಪ್ರತ್ಯೇಕ ಬಣ್ಣಗಾರಿಕೆಯ ಪ್ರಯೋಗಾಲಯ ಕಟ್ಟುವ ಬದಲು ಪೇಟೆಯಲ್ಲಿ ಡಬ್ಬಿಯಲ್ಲಿ ಸಿಗುವುದನ್ನೇ ತಂದು ಹೊಡೆದರೆ ಆಯಿತು ಎಂಬ ಲೆಕ್ಕಾಚಾರ. ಇಂದು 'ವಿಂಟೇಜ್' ಎಂದು ಕೊಂಡಾಡುವ ಬಣ್ಣಗಳಲ್ಲಿ ಹಲವು ಹೀಗೆ ಕಾರಿನ ಷೋರೂಮಿನಿಂದ ಇಳಿದು ಬಂದವು. 1960ರಲ್ಲಿ ಬಂದ ಜಾಝ್ ಬೇಸ್‌ಗೆ ಇಂಥ ಬಣ್ಣ ಹಾಕಿದಾಗ ತಲೆಭಾಗಕ್ಕೂ ಅದೇ ಬಣ್ಣ ಬಳಿಯುವ ರೂಢಿ ಬೆಳೆಯಿತು.

1969ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಶುರುವಾದ ಅಲೆಂಬಿಕ್ ಕಂಪನಿ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕು ಹಿಡಿಯಿತು. ಬಣ್ಣವೇ ಬೇಡ, ಮರದ ಎಳೆಗಳೇ ಕಾಣಲಿ, ಬ್ರಿಜ್ ಹಿತ್ತಾಳೆಯದಾಗಿರಲಿ ಎಂಬ ಅದರ ರುಚಿ 1970ರ ದಶಕದ ದುಬಾರಿ ಬೇಸ್‌ಗಳ ರೂಪವನ್ನೇ ಬದಲಿಸಿತು. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್ ಕೂಡ ಬಣ್ಣವಿಲ್ಲದ ಆ್ಯಶ್ ಮರದ್ದೇ. 1980ರ ಸುಮಾರಿಗೆ ನೆಡ್ ಸ್ಟೈನ್‌ಬರ್ಗರ್ ತಲೆಯಿಲ್ಲದ, ಪೂರಾ ಕಪ್ಪಾದ ಕಾರ್ಬನ್ ನಾರಿನ ಬೇಸ್ ತಂದ ಮೇಲೆ ಲೋಹದ ಭಾಗಗಳನ್ನೂ ಕಪ್ಪಾಗಿಸುವ ಗೀಳು ಹರಡಿತು. ಆ ದಶಕದ ಹೆವಿ ಮೆಟಲ್ ತಂಡಗಳ ಫೋಟೋಗಳಲ್ಲಿ ಕ್ರೋಮ್ ಕಾಣುವುದೇ ಅಪರೂಪ.

ಮೆರುಗೆಣ್ಣೆಯ ಬಗೆಗಳು

ಬಣ್ಣ ಒಂದು, ಅದನ್ನು ಹಿಡಿದಿಡುವ ಲೇಪ ಇನ್ನೊಂದು. ಕರ್ನಾಟಕದ ಓದುಗರಿಗೆ ಲೇಪದ ವಿಷಯ ತೀರ ಹೊಸತೇನಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಆಲೆ ಮರದ ತುಂಡನ್ನು ತಿರುಗಣೆಗೆ ಕೊಟ್ಟು, ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿದು, ತಿಕ್ಕಾಟದ ಬಿಸಿಗೆ ಕರಗಿಸಿ ಹತ್ತಿಸುತ್ತಾರೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಚುನಾವಣೆಯ ಶಾಯಿಯಿಂದ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆಯೂ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ. ಪಿಟೀಲು, ಹಳೆಯ ಅಕೂಸ್ಟಿಕ್ ಗಿಟಾರ್‌ಗಳಿಗೆ ಅರಗಿನ ಪಾಲಿಶ್ ಸಲ್ಲುತ್ತದೆ; ವೇದಿಕೆಯಿಂದ ವೇದಿಕೆಗೆ ತಿರುಗುವ ವಿದ್ಯುತ್ ಬೇಸ್‌ಗೆ ಅದು ತೀರ ಮೆದು.

ಫೆಂಡರ್ ಮೊದಲ ಒಂದೂವರೆ ದಶಕ ಬಳಸಿದ್ದು ಹೆಚ್ಚಾಗಿ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಬೇಗ ಒಣಗುತ್ತದೆ, ತೆಳುವಾಗಿ ಕೂರುತ್ತದೆ, ಗೀರು ಬಿದ್ದರೆ ತೇಪೆ ಹಾಕುವುದು ಸುಲಭ. ಆದರೆ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಹಳೆಯ ಒಲಿಂಪಿಕ್ ವೈಟ್ ಬೇಸ್‌ಗಳು ಕೆನೆಬಣ್ಣವಾಗಿರುವುದಕ್ಕೂ, ಲೇಕ್ ಪ್ಲಾಸಿಡ್ ಬ್ಲೂ ಎಂದು ಬರೆದ ವಾದ್ಯ ಹಸಿರಾಗಿ ಕಾಣುವುದಕ್ಕೂ ಇದೇ ಕಾರಣ. ಇನ್ನೊಂದು ಕಡೆ, ಮೂರು ಬಣ್ಣದ ಸನ್‌ಬರ್ಸ್ಟ್‌ನ ಆರಂಭದ ವರ್ಷಗಳ ಕೆಂಪು ಬೆಳಕಿಗೆ ಮಾಸಿ, ಎಷ್ಟೋ ವಾದ್ಯಗಳು ಮತ್ತೆ ಎರಡು ಬಣ್ಣದವಾಗಿವೆ. ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಹಠಾತ್ತನೆ ಹೋದಾಗ ಮರ ಹಿಗ್ಗಿ ಕುಗ್ಗುತ್ತದೆ, ಗಡುಸಾದ ಹಳೆಯ ಲ್ಯಾಕರ್ ಅದರ ಜೊತೆ ಹೋಗಲಾರದೆ ಕೂದಲೆಳೆಯ ಬಿರುಕು ಬಿಡುತ್ತದೆ. ರಬ್ಬರ್ ಸ್ಟ್ಯಾಂಡಿಗೆ ಒರಗಿಸಿಟ್ಟರೆ ಲೇಪ ಮೆತ್ತಗಾಗಿ ಅಂಟಿಕೊಳ್ಳುವುದೂ ಉಂಟು.

1968ರ ಹೊತ್ತಿಗೆ ಫೆಂಡರ್ ದಪ್ಪನೆಯ ಪಾಲಿಯೆಸ್ಟರ್ ಲೇಪಕ್ಕೆ ಹೊರಳಿತು. ಇಂದಿನ ಬಹುಪಾಲು ಬೇಸ್‌ಗಳಿಗೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಲೇಪವಿರುತ್ತದೆ. ಹಳೆಯ ಲ್ಯಾಕರ್ 'ಉಸಿರಾಡುತ್ತದೆ', ನಾದ ತೆರೆಯುತ್ತದೆ ಎಂಬ ಮಾತು ವಾದಕರ ನಡುವೆ ಚಾಲ್ತಿಯಲ್ಲಿದೆ. ಗಟ್ಟಿ ಮರದ ಮೈ, ಅಯಸ್ಕಾಂತದ ಪಿಕಪ್ ಇರುವ ವಾದ್ಯದಲ್ಲಿ ತಂತಿ, ಪಿಕಪ್, ಬೆರಳುಗಳ ಮುಂದೆ ಲೇಪದ ಪಾತ್ರ ಲೆಕ್ಕಕ್ಕೆ ಬರುವಷ್ಟಿಲ್ಲ. ಕೊಲ್ಲಿ ದೇಶದಲ್ಲಿ ಇರುವವರಿಗೆ ಈ ಪಾಲಿ ಲೇಪಗಳೇ ಲೇಸು ಎನ್ನಲು ನಾದವಲ್ಲ, ಎಸಿಯೇ ಕಾರಣ. ಜರ್ಮನಿಯ ವಾರ್ವಿಕ್ ಕಂಪನಿಗೆ ಹೆಸರು ತಂದ ಎಣ್ಣೆ-ಮೇಣದ ಲೇಪ ಕೈಗೆ ಹಿತ; ಆಗಾಗ ಮೇಣ ಹಚ್ಚುವ ಶಿಸ್ತಿದ್ದವರಿಗೆ ಅದೂ ನಡೆಯುತ್ತದೆ.

ಲೋಹದ ಮೇಲಿನ ಪದರಗಳು

ಬ್ರಿಜ್ ಮತ್ತು ಟ್ಯೂನರ್‌ಗಳ ಒಳಗಿರುವುದು ಸಾಮಾನ್ಯವಾಗಿ ಹಿತ್ತಾಳೆ, ಉಕ್ಕು ಅಥವಾ ಸತುವಿನ ಮಿಶ್ರಲೋಹ. ಹೊರಗೆ ಕಾಣುವ ಬಣ್ಣ ಅದರ ಮೇಲೆ ಕೂರಿಸಿದ ತೆಳು ಪದರ. ಕ್ರೋಮ್ ಎಂದು ಮಾರುವ ಭಾಗದಲ್ಲಿ ಕ್ರೋಮಿಯಂ ಇರುವುದು ಒಂದು ಮೈಕ್ರಾನಿಗಿಂತಲೂ ಕಡಿಮೆ. ಅದರ ಕೆಳಗಿನ ದಪ್ಪ ನಿಕಲ್ ಪದರವೇ ನಿಜವಾದ ರಕ್ಷಕ, ಅದರಡಿಯಲ್ಲಿ ಹಲವು ಸಲ ತಾಮ್ರವೂ ಇರುತ್ತದೆ. ಕ್ರೋಮಿಯಂ ನೀಲಿ ಛಾಯೆಯ ಹೊಳಪು ಕೊಡುತ್ತದೆ, ಉಜ್ಜಾಟಕ್ಕೆ ಜಗ್ಗುವುದಿಲ್ಲ. ಆದರೆ ಆ ಪದರದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಬೆವರಿನ ಮತ್ತು ಕಡಲಗಾಳಿಯ ಉಪ್ಪು ಅಲ್ಲಿಂದ ಇಳಿದು ಒಳಗಿನ ಲೋಹವನ್ನು ತಿನ್ನತೊಡಗಿದರೆ ಮೇಲೆ ಸಣ್ಣ ಗುಳಿಗಳು, ಬೊಬ್ಬೆಗಳು ಏಳುತ್ತವೆ. ಅಗ್ಗದ ಸತುವಿನ ಬ್ರಿಜ್‌ಗಳಲ್ಲಿ ಇದು ಬೇಗ.

ಮೇಲೆ ಕ್ರೋಮ್ ಹಾಕದೆ ನಿಕಲನ್ನೇ ಬಿಟ್ಟರೆ ಹೊಳಪು ತುಸು ಹಳದಿ, ತುಸು ಬೆಚ್ಚಗೆ. ವರ್ಷಗಳಾದಂತೆ ಅದು ಮಂಕಾಗುತ್ತದೆ. ಹಳೆಯ ನೋಟ ಬೇಕೆನ್ನುವವರು ಆ ಮಂಕನ್ನೇ ಬಯಸುತ್ತಾರೆ. ಫೆಂಡರ್ ಕಸ್ಟಮ್ ಶಾಪ್ 1995ರಲ್ಲಿ 'ರೆಲಿಕ್' ಹೆಸರಿನಲ್ಲಿ ಹೊಸ ವಾದ್ಯಗಳನ್ನೇ ಸವೆಸಿ, ಲೋಹವನ್ನು ಮಂಕಾಗಿಸಿ ಮಾರಲು ಶುರುಮಾಡಿತು. ದುಬೈಯಲ್ಲಿ ಅದಕ್ಕೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ಕಾಣದು. ಬಾಲ್ಕನಿಯಿದ್ದರೆ ಕೆಲಸ ತಾನಾಗಿಯೇ ಆಗುತ್ತದೆ. ನಿಕಲ್ ತಾಗಿದರೆ ಚರ್ಮದಲ್ಲಿ ತುರಿಕೆ ಏಳುವವರು ಮಾತ್ರ ಕ್ರೋಮ್, ನಿಕಲ್ ಇಲ್ಲದ ಕಪ್ಪು ಲೇಪ ಅಥವಾ ಸ್ಟೇನ್‌ಲೆಸ್ ಸ್ಟೀಲಿನತ್ತ ನೋಡಬೇಕು, ತಂತಿಗಳನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು.

ದೇರಾದ ಗೋಲ್ಡ್ ಸೂಕ್ ಇರುವ ಊರಿನಲ್ಲಿ ಚಿನ್ನದ ಬಣ್ಣದ ಹಾರ್ಡ್‌ವೇರ್‌ಗೆ ಮನಸ್ಸು ಎಳೆಯುವುದು ಸಹಜ. ಬಿಳಿ ಅಥವಾ ಕೆನೆಬಣ್ಣದ ಮೈಗೆ ಚಿನ್ನದ ಲೋಹ ಎಂಬುದು 1950ರ ದಶಕದಿಂದ ಬಂದ ರಾಜಠೀವಿಯ ಜೋಡಿಯೂ ಹೌದು. ಆದರೆ ಒಡವೆಯ ಚಿನ್ನ ಬೇರೆ, ಗಿಟಾರಿನ ಗಿಲೀಟು ಬೇರೆ. ಚಿನ್ನಕ್ಕೆ ತುಕ್ಕಿಲ್ಲ, ನಿಜ, ಗಿಲೀಟು ಸವೆಯುತ್ತದಷ್ಟೆ. ಅಂಗೈ ಊರುವ ಬ್ರಿಜ್ ಅಂಚು, ತಿರುಗಿಸುವ ನಾಬ್, ಟ್ಯೂನರಿನ ಕಿವಿ, ಈ ಮೂರು ಕಡೆ ಚಿನ್ನ ಮೊದಲು ಹೋಗಿ ಕೆಳಗಿನ ನಿಕಲ್ ಬೂದು ಬೂದಾಗಿ ಇಣುಕುತ್ತದೆ. ಕೈ ಹೆಚ್ಚು ಬೆವರುವವರು ಚಿನ್ನವನ್ನು ಟ್ಯೂನರ್ ಮತ್ತು ಸ್ಟ್ರ್ಯಾಪ್ ಗುಂಡಿಗಳಿಗೆ ಇಟ್ಟುಕೊಂಡು, ಬ್ರಿಜ್ ಹಿತ್ತಾಳೆಯದನ್ನೇ ಗಿಲೀಟಿಲ್ಲದೆ ಹಾಕಿಸುವುದು ಒಳ್ಳೆಯ ಉಪಾಯ. ಹಿತ್ತಾಳೆ ಕಪ್ಪಾದರೂ ಮನೆಯ ದೀಪದ ಕಂಬದ ಹಾಗೆ ಉಜ್ಜಿ ತೊಳಗಿಸಬಹುದು. ಸವೆದ ಗಿಲೀಟನ್ನು ಉಜ್ಜಿದರೆ ಉಳಿದದ್ದೂ ಹೋಗುತ್ತದೆ.

ಕಪ್ಪು ಎಂಬ ಒಂದೇ ಹೆಸರಿನಡಿ ಹಲವು ಬಗೆಗಳಿವೆ. ಕಪ್ಪು ಕ್ರೋಮ್ ಮತ್ತು ಕಪ್ಪು ನಿಕಲ್ ಲೋಹದ ಪದರಗಳು, ಕನ್ನಡಿಯಂತೆ ಹೊಳೆಯುವ ಹೊಗೆಬಣ್ಣ ಕೊಡುತ್ತವೆ. ಪೌಡರ್ ಕೋಟಿಂಗ್ ನಿಜಕ್ಕೆ ಪ್ಲಾಸ್ಟಿಕ್ಕಿನಂಥ ಬಣ್ಣ. ದಪ್ಪ, ಮಂದ, ಉಪ್ಪುಗಾಳಿಗೆ ಚೆನ್ನಾಗಿ ತಾಳುತ್ತದೆ. ಅಲ್ಯುಮಿನಿಯಂ ಭಾಗಗಳಿಗೆ ಅನೋಡೈಸಿಂಗ್. ಇಲ್ಲಿ ಅಂಗಡಿಯವರು ಹೇಳದ ಒಂದು ತೊಡಕಿದೆ: ಪೌಡರ್ ಕೋಟಿಂಗ್ ಮತ್ತು ಅನೋಡೈಸ್ ಪದರ ಎರಡೂ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಬೇಸ್‌ನಲ್ಲಿ ಬ್ರಿಜ್ ಅಡಿಯಿಂದ ಒಂದು ತಂತಿ ಹೊರಟು ಜ್ಯಾಕಿನ ಭೂಸಂಪರ್ಕಕ್ಕೆ ಸೇರುತ್ತದೆ. ವಾದಕ ತಂತಿ ಮುಟ್ಟಿದೊಡನೆ ಗುಂಯ್ ಸದ್ದು ನಿಲ್ಲುವುದು ಇದರಿಂದಲೇ. ಹೊಸ ಕಪ್ಪು ಬ್ರಿಜ್ ಹಾಕಿಸಿದ ಮೇಲೆ ಸದ್ದು ಹೆಚ್ಚಿದರೆ ಪಿಕಪ್ ಬದಲಿಸಬೇಕಾಗಿಲ್ಲ. ಬ್ರಿಜ್ ಬಿಚ್ಚಿ, ಆ ತಂತಿ ತಾಗುವ ಜಾಗದಲ್ಲಿ ಲೇಪವನ್ನು ಬೆರಳಗಲ ಕೆರೆದು ಬರಿಲೋಹ ಕಾಣಿಸಿದರೆ ಸಾಕು. ತಂತಿ ಕೂರುವ ಸ್ಯಾಡಲ್‌ಗಳಿಗೂ ಇದೇ ಮಾತು.

ಬೇರೆ ಬೇರೆ ಕಂಪನಿಗಳ ಭಾಗ ಕೂಡಿಸುವಾಗ ಬಣ್ಣ ಹೊಂದುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು. ಜಪಾನಿನ ಗೊಟೊ, ಜರ್ಮನಿಯ ಷಾಲರ್, ಅಮೆರಿಕದ ಹಿಪ್‌ಶಾಟ್ ಈ ಮೂವರ ಕಪ್ಪನ್ನು ಪಕ್ಕಪಕ್ಕ ಇಟ್ಟರೆ ಮೂರು ಕಪ್ಪು, ಚಿನ್ನವೂ ಹಾಗೆಯೇ. ಕ್ರೋಮ್‌ನಲ್ಲಿ ಮಾತ್ರ ಈ ಭೇದ ಕಡಿಮೆ. ಒಂದೇ ಕಡೆಯಿಂದ ಇಡೀ ಜೋಡಣೆ ತರಿಸಲು ಆಗದಿದ್ದರೆ ತಲೆಭಾಗದ ಟ್ಯೂನರ್‌ಗಳು ಒಬ್ಬರವು, ಮೈಮೇಲಿನವು ಇನ್ನೊಬ್ಬರವು ಎಂದು ಹಂಚಿದರೆ ಕಣ್ಣಿಗೆ ತಿಳಿಯುವುದಿಲ್ಲ. ಪಿಕ್‌ಗಾರ್ಡಿನ ಸಣ್ಣ ತಿರುಪುಗಳಿಗೆ ಮೆರುಗು ಯಾವುದೇ ಇರಲಿ, ಒಳಗೆ ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಕೊಲ್ಲಿಯ ಹವೆಗೆ ಮೊದಲು ತುಕ್ಕು ಹಿಡಿಯುವುದು ಅವೇ.

ಎಸಿಯಿಂದ ಹೊರಗೆ ಕಾಲಿಟ್ಟಾಗ

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೂಲಿಕಾರರನ್ನು ದುಡಿಸುವಂತಿಲ್ಲ ಎಂಬ ಕಟ್ಟಳೆಯಿದೆ. ಬೇಸಿಗೆಯ ಕಾವು ಎಷ್ಟು ಎಂದು ತಿಳಿಯಲು ಅಷ್ಟು ಸಾಕು. ಆದರೆ ವಾದ್ಯದ ಲೋಹಕ್ಕೆ ಕಾವಿಗಿಂತ ದೊಡ್ಡ ಶತ್ರು ತೇವ. ಪರ್ಷಿಯನ್ ಕೊಲ್ಲಿಯ ನೀರು ಬೇಸಿಗೆಯಲ್ಲಿ ಬೆಚ್ಚಗಾಗಿ ಆವಿಯಾಗುವುದರಿಂದ ದುಬೈ, ಅಬುಧಾಬಿಯ ಗಾಳಿಯಲ್ಲಿ ನೀರು ತುಂಬಿರುತ್ತದೆ. ಇಬ್ಬನಿ ಕಟ್ಟುವ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟುವ ರಾತ್ರಿಗಳು ಹಲವು. ಎಸಿ ಕೋಣೆಯಲ್ಲಿ 22 ಡಿಗ್ರಿಗೆ ತಣಿದ ಬ್ರಿಜ್ ಅನ್ನು ಅಂಥ ರಾತ್ರಿ ಹೊರಗೆ ತಂದರೆ ಕನ್ನಡಕದ ಮೇಲೆ ಕಟ್ಟುವ ಮಂಜೇ ಲೋಹದ ಮೇಲೂ ಕಟ್ಟುತ್ತದೆ, ಅದರಲ್ಲಿ ಹಳೆಯ ಬೆವರಿನ ಉಪ್ಪು ಕರಗುತ್ತದೆ. ಚಳಿದೇಶಗಳಲ್ಲಿ ಬರೆದ ಕೈಪಿಡಿಗಳು ವಾದ್ಯವನ್ನು ಹೊರಗಿನಿಂದ ಒಳಗೆ ತಂದಾಗ ಪೆಟ್ಟಿಗೆ ತಡವಾಗಿ ತೆರೆಯಿರಿ ಎನ್ನುತ್ತವೆ. ಕೊಲ್ಲಿಯಲ್ಲಿ ಅದು ತಲೆಕೆಳಗು: ಒಳಗಿನಿಂದ ಹೊರಗೆ ಒಯ್ದಾಗ ತಡವಾಗಿ ತೆರೆಯಬೇಕು.

ಮರಳಿನ ಪುಡಿ ಮೂರನೆಯ ಶತ್ರು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಚಿನ್ನ 2.5, ನಿಕಲ್ 4, ಮರಳಿನ ಸ್ಫಟಿಕ 7, ಕ್ರೋಮಿಯಂ ಸುಮಾರು 8.5. ಕರಾವಳಿಯ ಮರಳಿನಲ್ಲಿ ಚಿಪ್ಪಿನ ಸುಣ್ಣ ಬೆರೆತು ಅದು ಅಷ್ಟು ಗಡುಸಲ್ಲ. ಒಳನಾಡಿನ ದಿಬ್ಬಗಳಿಂದ ಗಾಳಿ ತರುವ ಧೂಳಿನಲ್ಲಿ ಸ್ಫಟಿಕ ಹೆಚ್ಚು. ಅಂದರೆ ಧೂಳು ಕೂತ ವಾದ್ಯವನ್ನು ಒಣಬಟ್ಟೆಯಿಂದ ಒರೆಸಿದರೆ ಚಿನ್ನವೂ ನಿಕಲ್ಲೂ ಗೀರುತ್ತವೆ, ಕ್ರೋಮ್ ಉಳಿಯುತ್ತದೆ. ಪಾಲಿಯೆಸ್ಟರ್ ಮೈಯೂ ಸ್ಫಟಿಕಕ್ಕಿಂತ ಮೆದು. ಕಪ್ಪು ಹೊಳಪಿನ ಮೈಮೇಲೆ ಕೂದಲೆಳೆಯ ಗೀರುಗಳು ದೀಪದ ಕೆಳಗೆ ಬಲೆಯಂತೆ ಕಾಣುವುದಕ್ಕೆ ಇದೇ ಕಾರಣ. ತಿಳಿ ಬಣ್ಣ, ಲೋಹಕಣದ ಬಣ್ಣ, ಮಂದ ಮೆರುಗುಗಳಲ್ಲಿ ಅವು ಅಡಗುತ್ತವೆ. ಮೊದಲು ಧೂಳು ಊದಿ, ಆಮೇಲೆ ತುಸು ತೇವದ ಮೆದು ಬಟ್ಟೆ ಎಂಬುದು ಅಲ್ಲಿ ಪಾಲಿಸಬೇಕಾದ ಕ್ರಮ. ಕಾರಿನ ಡಿಕ್ಕಿಯಲ್ಲಿ ಬೇಸಿಗೆಯ ಮಧ್ಯಾಹ್ನ ವಾದ್ಯ ಬಿಟ್ಟುಹೋಗುವುದಂತೂ ಯಾವ ಲೇಪಕ್ಕೂ ಸಲ್ಲದು.

ಇಷ್ಟನ್ನೂ ಕೂಡಿಸಿ ನೋಡಿದರೆ ಬೆವರುಗೈಯವರಿಗೆ ಕ್ರೋಮ್ ಅಥವಾ ಒಳ್ಳೆಯ ಪೌಡರ್ ಕೋಟಿಂಗಿನ ಕಪ್ಪು ಮೊದಲ ಆಯ್ಕೆ; ಒಣಗೈಯವರು, ಮನೆಯೊಳಗೇ ನುಡಿಸುವವರು ನಿಕಲ್, ಚಿನ್ನಗಳ ಆಸೆ ತೀರಿಸಿಕೊಳ್ಳಬಹುದು. ಮಂಗಳೂರು, ಉಡುಪಿ ಕಡೆಯಿಂದ ಹೋದವರಿಗೆ ಉಪ್ಪುಗಾಳಿ ಹೊಸದಲ್ಲ, ಹೊಸದು ಎಸಿ. ಬೆಂಗಳೂರಿನ ಹದವಾದ ಹವೆಯಲ್ಲಿ ಹತ್ತು ವರ್ಷ ಮಿರುಗಿದ ಚಿನ್ನದ ಟ್ಯೂನರ್ ಅಲ್ಲಿಯೂ ಹಾಗೇ ಇರುತ್ತದೆ ಎಂದುಕೊಳ್ಳುವಂತಿಲ್ಲ.

ಫ್ರೆಟ್‌ಬೋರ್ಡ್ ಎಂಬ ಮೂರನೆಯ ಬಣ್ಣ

ಮೈ ಮತ್ತು ಲೋಹದ ನಡುವೆ ಕಣ್ಣಿಗೆ ಬೀಳುವ ಇನ್ನೊಂದು ಬಣ್ಣ ಫ್ರೆಟ್‌ಬೋರ್ಡಿನದು. ತಿಳಿ ಮೇಪಲ್ ಇದ್ದರೆ ಅದರ ಮೇಲೆ ಲೇಪ ಬೇಕೇ ಬೇಕು. ಗಾಢ ಬೀಟೆ ಅಥವಾ ಕರಿಮರವಾದರೆ ಬೇಡ. ಗಿಟಾರ್ ಲೋಕ 'ಇಂಡಿಯನ್ ರೋಸ್‌ವುಡ್' ಎಂದು ಕರೆಯುವ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆಯೇ; ಮೈಸೂರಿನ ಕುಸುರಿ ಕೆಲಸದವರು ಆನೆ, ಅಂಬಾರಿಗಳನ್ನು ಕೂರಿಸುವ ಹಲಗೆಯೂ ಅದೇ. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಗೆ ಸೇರಿದಾಗ ಗಿಟಾರ್ ಕಂಪನಿಗಳು ತತ್ತರಿಸಿದವು, ಫೆಂಡರ್ ತನ್ನ ಎಷ್ಟೋ ಮಾದರಿಗಳಲ್ಲಿ ಪಾವ್ ಫೆರೊ ಎಂಬ ತಿಳಿಗಂದು ಮರಕ್ಕೆ ಹೊರಳಿತು. ಹಾಗಾಗಿ ಆ ವರ್ಷಗಳ ಬೇಸ್‌ಗಳಲ್ಲಿ ಸನ್‌ಬರ್ಸ್ಟ್ ಮೈಗೆ ಫ್ರೆಟ್‌ಬೋರ್ಡ್ ಏಕೋ ಪೇಲವವಾಗಿ ಕಾಣುತ್ತದೆ. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. 1992ರಿಂದ ಮೊದಲ ಪಟ್ಟಿಯಲ್ಲಿರುವ ಬ್ರೆಜಿಲಿನ ರೋಸ್‌ವುಡ್‌ಗೆ ಆ ವಿನಾಯಿತಿ ಇಲ್ಲ. 1960ರ ದಶಕದ ಬೇಸ್ ಹೊತ್ತು ವಿಮಾನ ಹತ್ತುವವರಿಗೆ ಇದು ನೆನಪಿರಬೇಕು.

ಲೇಪವಿಲ್ಲದ ಬೋರ್ಡು ಎಸಿಯ ಒಣಗಾಳಿಗೆ ತುಸು ಕುಗ್ಗಿದರೆ ಫ್ರೆಟ್‌ಗಳ ತುದಿ ಅಂಚಿನಾಚೆ ಚುಚ್ಚತೊಡಗುತ್ತದೆ. ಫ್ರೆಟ್ ಕಿತ್ತ 1962ರ ಜಾಝ್ ಬೇಸ್‌ನ ಬೋರ್ಡಿಗೆ ವಾದಕ ಜಾಕೊ ಪಾಸ್ಟೋರಿಯಸ್ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದು ಬೀಟೆ ಸವೆಯದಿರಲಿ ಎಂದು; ಅದರ ಗಾಜಿನಂಥ ಮೈಯಿಂದ ಹೊಮ್ಮಿದ ನಾದಕ್ಕೆ ಜಗತ್ತೇ ಮರುಳಾಯಿತು. ಲೇಪ ನಾದವನ್ನು ಬದಲಿಸಿತು ಎಂದು ಧೈರ್ಯವಾಗಿ ಹೇಳಬಹುದಾದ ಸಂದರ್ಭ ಇದು, ಏಕೆಂದರೆ ಅಲ್ಲಿ ತಂತಿ ನೇರವಾಗಿ ಲೇಪಕ್ಕೇ ತಾಗುತ್ತದೆ.

ಅಲ್ ಕೋಸ್‌ನ ಗ್ಯಾರೇಜುಗಳು

ದುಬೈಯ ಅಲ್ ಕೋಸ್, ರಾಸ್ ಅಲ್ ಖೋರ್, ಪಕ್ಕದ ಶಾರ್ಜಾದ ಕೈಗಾರಿಕಾ ವಲಯಗಳಲ್ಲಿ ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜುಗಳು ಸಾಲುಸಾಲಾಗಿವೆ. ನಮ್ಮೂರಿನ ಟಿಂಕರಿಂಗ್ ಶಾಪುಗಳ ಕೆಲಸವೇ, ಹೆಚ್ಚು ಯಂತ್ರಗಳೊಂದಿಗೆ. ಫೆಂಡರ್ ಬಣ್ಣಗಳು ಕಾರಿನಿಂದಲೇ ಬಂದದ್ದರಿಂದ ಕಾರಿನ ಬಣ್ಣದ ಸಂಕೇತ ಕೊಟ್ಟು ಬೇಸ್‌ನ ಮೈಗೆ ಹೊಡೆಸಿಕೊಳ್ಳುವುದು ವಿಚಿತ್ರವೇನಲ್ಲ. ದುಬೈ ಟ್ಯಾಕ್ಸಿಯ ಮರಳುಬಣ್ಣ ಮತ್ತು ಕೆಂಪು ಛಾವಣಿಯ ಜೋಡಿಯನ್ನು ಮರಳುಬಣ್ಣದ ಮೈ, ಕೆಂಪು ಪಿಕ್‌ಗಾರ್ಡ್ ಎಂದು ಅನುವಾದಿಸಿದರೆ ಚೆನ್ನಾಗಿಯೇ ಕಂಡೀತು. ಅಬುಧಾಬಿಯ ಬೆಳ್ಳಿಬಣ್ಣದ ಟ್ಯಾಕ್ಸಿ ಫೆಂಡರ್‌ನ ಇಂಕಾ ಸಿಲ್ವರ್‌ಗೆ ದೂರದ ನೆಂಟ.

ಆದರೆ ಗ್ಯಾರೇಜಿನವರಿಗೆ ತಗಡು ಗೊತ್ತು, ಮರ ಗೊತ್ತಿರಲಿಕ್ಕಿಲ್ಲ. ಕಾರಿನ ಬಣ್ಣವನ್ನು ಬಿಸಿಗೂಡಿನಲ್ಲಿ 60 ಡಿಗ್ರಿಯ ಆಸುಪಾಸು ಕಾಯಿಸಿ ಗಟ್ಟಿ ಮಾಡುತ್ತಾರೆ. ಮರದ ಮೈಯನ್ನು ಹಾಗೆ ಕಾಯಿಸಿದರೆ ಒಳಗಿನ ತೇವ ಹೊರಬರಲು ಹೋಗಿ ಬಣ್ಣ ಬೊಬ್ಬೆಯೇಳುತ್ತದೆ, ಅಂಟಿನ ಜೋಡಣೆಗಳು ಕಾಣಿಸಿಕೊಳ್ಳುತ್ತವೆ. ತಂಪಿನಲ್ಲೇ ಒಣಗಿಸಬೇಕು ಎಂದು ಒತ್ತಿ ಹೇಳಬೇಕು. ಕತ್ತು ಕೂರುವ ಗುಳಿಗೆ ಟೇಪ್ ಹಚ್ಚಿ ಬಣ್ಣ ಹೋಗದಂತೆ ನೋಡಿಕೊಳ್ಳಬೇಕು. ಅಲ್ಲಿ ಪದರ ದಪ್ಪವಾದರೆ ಕತ್ತು ಒಳಗಿಳಿಯದು, ಬಲವಂತ ಮಾಡಿದರೆ ಮೂಲೆ ಬಿರಿಯುತ್ತದೆ. ಹಳೆಯ ರೀತಿಯ ನೈಟ್ರೊ ಲ್ಯಾಕರ್ ಹೊಡೆಸುವವರು ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಡುವುದೇ ವಾಸಿ: ತೇವದ ಗಾಳಿಯಲ್ಲಿ ಥಿನ್ನರ್ ಆರುವಾಗ ಮೈ ತಣಿದು, ನೀರಿನ ಹನಿ ಒಳಗೆ ಸಿಕ್ಕಿ ಬಿಳಿ ಮೋಡದಂಥ ಕಲೆ ಉಳಿಯುತ್ತದೆ. ಕಾರುಗಳಿಗೆ ಅಂಟಿಸುವ ವಿನೈಲ್ ಹಾಳೆಯನ್ನು ಪಾಲಿಯೆಸ್ಟರ್ ಮೈಗೆ ಅಂಟಿಸಿ ಬೇಸರವಾದಾಗ ಕಿತ್ತುಹಾಕಬಹುದು; ನೈಟ್ರೊ ಮೈಗೆ ಅಂಟಿಸಿದರೆ ಕೀಳುವಾಗ ಲ್ಯಾಕರ್ ಕೂಡ ಎದ್ದು ಬರುತ್ತದೆ.

ಬಣ್ಣ ಆರಿಸುವಾಗ ಮರುಮಾರಾಟವೂ ನೆನಪಿರಲಿ: ಯುಎಇಯ ಜನಸಂಖ್ಯೆಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೊರಗಿನಿಂದ ಬಂದವರು. ಕೆಲಸ ಮುಗಿದು ಊರಿಗೆ ಹೊರಟವರು ವಾದ್ಯ ಮಾರುವುದು ಅಲ್ಲಿ ನಿತ್ಯದ ಮಾತು. ಸನ್‌ಬರ್ಸ್ಟ್, ಕಪ್ಪು, ಬಿಳಿ ಬೇಗ ಕೈಬದಲಾಗುತ್ತವೆ. ತನಗೆಂದೇ ಹೊಡೆಸಿದ ಬಣ್ಣಕ್ಕೆ ಇನ್ನೊಬ್ಬ ಮರುಳನನ್ನು ಕಾಯಬೇಕು. ಬದಲಿಸಿದ ಹಾರ್ಡ್‌ವೇರಿನ ಮೂಲ ಭಾಗಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡವರಿಗೆ ಬೆಲೆ ಚೆನ್ನಾಗಿ ಬರುತ್ತದೆ.

ವೇದಿಕೆಯ ಬೆಳಕಿನಲ್ಲಿ

ಅಂಗಡಿಯ ಬಿಳಿ ದೀಪದಡಿ ಕಂಡ ಬಣ್ಣ ವೇದಿಕೆಯಲ್ಲಿ ಉಳಿಯುವುದಿಲ್ಲ. ನೀಲಿ ಎಲ್‌ಇಡಿ ಕೆಳಗೆ ಕೆಂಪು ಮೈ ಕಪ್ಪಾಗುತ್ತದೆ, ಕೆಂಪು ದೀಪದಡಿ ಸರ್ಫ್ ಗ್ರೀನ್ ಬೂದಿಯಾಗುತ್ತದೆ. ಬಿಳಿ ಮತ್ತು ಕೆನೆಬಣ್ಣ ಮಾತ್ರ ಬಿದ್ದ ಬೆಳಕನ್ನೆಲ್ಲ ಹೊತ್ತುಕೊಳ್ಳುತ್ತವೆ. ಕಪ್ಪು ಮೈ, ಕಪ್ಪು ಲೋಹ, ಕಪ್ಪು ಅಂಗಿ ಕೂಡಿದರೆ ಹಿಂದಿನ ಸಾಲಿನ ಪ್ರೇಕ್ಷಕರಿಗೆ ಬೇಸ್ ವಾದಕನ ಎರಡು ಕೈಗಳಷ್ಟೇ ತೇಲುತ್ತಿರುತ್ತವೆ. ಅಲ್ಲೊಂದು ಕ್ರೋಮ್ ಬ್ರಿಜ್ ಇದ್ದರೆ ಇಡೀ ವಾದ್ಯ ಕಾಣುತ್ತದೆ. 2007ರಲ್ಲಿ ದುಬೈ ಡೆಸರ್ಟ್ ರಾಕ್ ಉತ್ಸವಕ್ಕೆ ಬಂದ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಹೆಸರಿನ ಪ್ರಿಸಿಷನ್ ಬೇಸ್‌ಗೆ ಕನ್ನಡಿಯಂಥ ಪಿಕ್‌ಗಾರ್ಡ್ ಇರುವುದು ಇದೇ ಲೆಕ್ಕದಲ್ಲಿ ಅರ್ಥವಾಗುತ್ತದೆ: ಬೃಹತ್ ಮೈದಾನದಲ್ಲಿ ಅದು ದೀಪವನ್ನೇ ಜನರ ಮೇಲೆ ತಿರುಗಿಸುತ್ತದೆ. 2011ರ ನವೆಂಬರಿನಲ್ಲಿ ಅಬುಧಾಬಿಯ ಯಾಸ್ ದ್ವೀಪದಲ್ಲಿ ಹಾಡಿದ ಪಾಲ್ ಮೆಕಾರ್ಟ್ನಿ ಅವರ ಪಿಟೀಲಿನಾಕಾರದ ಹಾಫ್ನರ್ ಬೇಸ್‌ನ ಕಂದು ಸನ್‌ಬರ್ಸ್ಟ್ ಇದಕ್ಕೆ ವಿರುದ್ಧ. ಅದರ ಗುರುತು ಬಣ್ಣದಲ್ಲಿಲ್ಲ, ಆಕಾರದಲ್ಲಿದೆ.

ಕನ್ನಡ ಸಂಘಗಳ ರಾಜ್ಯೋತ್ಸವ ಬರುವ ನವೆಂಬರ್ ಹೊತ್ತಿಗೆ ಯುಎಇಯ ಹವೆ ತಣಿದಿರುತ್ತದೆ, ಬಯಲು ಕಾರ್ಯಕ್ರಮಗಳ ಕಾಲವದು. ಹಿನ್ನೆಲೆಯ ಬ್ಯಾನರ್, ಶಾಲು, ಬಾವುಟ ಎಲ್ಲ ಹಳದಿ-ಕೆಂಪಾಗಿರುವ ವೇದಿಕೆಯಲ್ಲಿ ಆರ್ಕೆಸ್ಟ್ರಾದ ಬೇಸ್ ಕೂಡ ಹಳದಿ-ಕೆಂಪು ಆದರೆ ಗೋಡೆಯಲ್ಲಿ ಕರಗಿಹೋಗುತ್ತದೆ. ಅಲ್ಲಿ ಬಿಳಿ ಅಥವಾ ತಿಳಿನೀಲಿ ಎದ್ದು ನಿಲ್ಲುತ್ತದೆ. ಬಾವುಟದ ಬಣ್ಣವೇ ಬೇಕೆಂದು ಹಟ ಹಿಡಿದರೆ ಮೈಯನ್ನು ಅರ್ಧರ್ಧ ಬಳಿಯುವುದಕ್ಕಿಂತ ಹಳದಿ ಮೈಗೆ ಕೆಂಗಂದು ಆಮೆಚಿಪ್ಪಿನ ಪಿಕ್‌ಗಾರ್ಡ್ ಹಾಕಿ, ಲೋಹವನ್ನು ಕ್ರೋಮ್‌ನಲ್ಲೇ ಬಿಡುವುದು ರುಚಿಕಟ್ಟು. ರಘು ದೀಕ್ಷಿತ್ ಪ್ರಾಜೆಕ್ಟ್‌ನಂಥ ತಂಡಗಳಲ್ಲಿ ಬಣ್ಣಬಣ್ಣದ ಲುಂಗಿ, ಗೆಜ್ಜೆಗಳೇ ಕಣ್ಣು ತುಂಬುತ್ತವೆ. ಅಂಥ ಉಡುಗೆಯ ಮುಂದೆ ಬಣ್ಣವಿಲ್ಲದ ಮರದ ಮೈ, ಮಂದ ಕಪ್ಪು ಲೋಹದ ಬೇಸ್ ಹಿಡಿದವರಿಗೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ.